ರೇಗನ್ ಬಗ್ಗೆ ಜೆಲ್ಲಿ ಬೀನ್ಸ್ ಬಿಟ್ಟು ಬೇರೆ ಏನು ಹೇಳಬಹುದು?

ಅರಸೀಕೆರೆ ಟೀಚರ್:
ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಶನಿವಾರ ಮಕ್ಕಳಿಗೆ ರೊನಾಲ್ಡ್ ರೇಗನ್ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು. ಸಿನಿಮಾ ನಟ ಅಮೆರಿಕದ ಅಧ್ಯಕ್ಷರಾದರು ಅಂದರೆ ಮಕ್ಕಳಿಗೆ ಕುತೂಹಲ ಜಾಸ್ತಿ. ಆದರೆ ಹುಡುಕಿದ ಕಡೆಯೆಲ್ಲ ಅದದೇ ಸಿಗುತ್ತದೆ. ಪೈಪ್ ಸೇದುವುದನ್ನು ಬಿಡಲು ಜೆಲ್ಲಿ ಬೀನ್ಸ್ ಅನ್ನೋ ಮಿಠಾಯಿ ತಿನ್ನುತ್ತಿದ್ದರು, 1981ರಲ್ಲಿ ಗುಂಡೇಟು ಬಿದ್ದರೂ ಬದುಕಿದರು, ಒಂದು ಸಿನಿಮಾದಲ್ಲಿ ಚಿಂಪಾಂಜಿ ಜೊತೆ ನಟಿಸಿದ್ದರು. ಇಷ್ಟೇ ಹೇಳಿದರೆ 'ಸ್ಟಾರ್ ಆಗಿದ್ದರು, ಜನ ಓಟು ಹಾಕಿದರು' ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ. ಅವರು ಅಲ್ಲಿಯ ತನಕ ಹೇಗೆ ಬಂದರು ಅನ್ನೋದು ಅರ್ಥವಾಗುವಂಥ, ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿ ಇದ್ದರೆ ದಯವಿಟ್ಟು ಹೇಳಿ.

ಧಾರವಾಡದ ರೇಡಿಯೊ ಮಾಮಾ:
ಮೇಡಂ, ನೀವು ಸಿನಿಮಾದಿಂದ ಶುರು ಮಾಡಬೇಡಿ, ರೇಡಿಯೊದಿಂದ ಶುರು ಮಾಡಿ. ನಾನು ರೇಡಿಯೊದಲ್ಲಿ ಕ್ರಿಕೆಟ್ಟಿಗೂ ಕಬಡ್ಡಿಗೂ ವೀಕ್ಷಕ ವಿವರಣೆ ಕೊಟ್ಟವನು. ರೇಗನ್ ಮೊದಲು ನಮ್ಮ ಕಸುಬಿನವರು. ನಟ ಆಗಿದ್ದು ಆಮೇಲೆ.

ಕಾಲೇಜು ಮುಗಿಸಿದ್ದು 1932ರಲ್ಲಿ. ದೇಶದಲ್ಲಿ ಕೆಲಸವೇ ಇಲ್ಲದ ಕಾಲ ಅದು. ಅಯೋವಾ ರಾಜ್ಯದ ಡಾವೆನ್‌ಪೋರ್ಟ್ ಊರಿನ ರೇಡಿಯೊ ಕೇಂದ್ರಕ್ಕೆ ಹೋಗಿ ಕೆಲಸ ಕೇಳಿದರು. ಅಲ್ಲಿನವರು ಮೈಕ್ ಮುಂದೆ ನಿಲ್ಲಿಸಿ, ಎದುರಿಗೆ ಇಲ್ಲದ ಫುಟ್‌ಬಾಲ್ ಪಂದ್ಯವನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳು ಅಂದರು. ಇವರು ಕಾಲೇಜಿನಲ್ಲಿ ತಾವೇ ಆಡಿದ್ದ ಒಂದು ಪಂದ್ಯವನ್ನು ನೆನಪಿನಿಂದ ಹೇಳಿದರು. ಮೊದಲ ಪಂದ್ಯಕ್ಕೆ ಸಿಕ್ಕಿದ್ದು ಐದು ಡಾಲರ್ ಮತ್ತು ಬಸ್ ಚಾರ್ಜು.

ಮುಂದೆ ಡಿ ಮಾಯ್ನ್ ನಗರದ ಕೇಂದ್ರಕ್ಕೆ ಬಂದರು. ಶಿಕಾಗೊ ಕಬ್ಸ್ ತಂಡದ ಬೇಸ್‌ಬಾಲ್ ಪಂದ್ಯಗಳು ನಡೆಯುತ್ತಿದ್ದದ್ದು ನೂರಾರು ಮೈಲಿ ದೂರದಲ್ಲಿ, ಇವರು ಕೂತಿದ್ದು ಸ್ಟುಡಿಯೊದಲ್ಲಿ. ಟೆಲಿಗ್ರಾಫ್‌ನಲ್ಲಿ ಬಂದದ್ದನ್ನು ಒಬ್ಬರು ಚೀಟಿಯಲ್ಲಿ ಟೈಪ್ ಮಾಡಿ ಗಾಜಿನ ಆಚೆಯಿಂದ ಕೊಡುತ್ತಿದ್ದರು. ಚೀಟಿಯಲ್ಲಿ ಇರುತ್ತಿದ್ದದ್ದು ನಾಲ್ಕೈದು ಅಕ್ಷರ ಅಷ್ಟೇ. ಬಿಸಿಲು, ಜನರ ಗಲಾಟೆ, ಆಟಗಾರ ಟೋಪಿ ಸರಿ ಮಾಡಿಕೊಂಡದ್ದು ಎಲ್ಲ ಇವರ ಬಾಯಿಂದಲೇ ಬರಬೇಕು.

ಒಂದು ಸಲ ಒಂಬತ್ತನೇ ಇನಿಂಗ್ಸ್‌ನಲ್ಲಿ ತಂತಿ ಸತ್ತುಹೋಯಿತು. ಇದು ಅವರೇ ಜೀವನಪೂರ್ತಿ ಹೇಳುತ್ತಿದ್ದ ಕತೆ. ಬ್ಯಾಟ್ ಹಿಡಿದಿದ್ದವರು ಬಿಲ್ಲಿ ಜರ್ಗಸ್. ಸುಮ್ಮನಾದರೆ ಕೇಳುಗರು ಬೇರೆ ಕೇಂದ್ರಕ್ಕೆ ತಿರುಗಿಸುತ್ತಾರೆ. ಸುಳ್ಳು ರನ್ ಹೇಳಿದರೆ ನಾಳೆ ಪೇಪರ್ ಓದಿದವರು ಹಿಡಿಯುತ್ತಾರೆ. ಸ್ಕೋರಿನಲ್ಲಿ ದಾಖಲಾಗದೇ ಇರೋದು ಒಂದೇ, ಫೌಲ್. ಅದಕ್ಕೇ ಜರ್ಗಸ್ ಕೈಲಿ ಒಂದಾದ ಮೇಲೆ ಒಂದು ಫೌಲ್ ಹೊಡೆಸಿದರು. ಸುಮಾರು ಆರೂ ಮುಕ್ಕಾಲು ನಿಮಿಷ! ಕೊನೆಗೆ ತಂತಿ ಬಂದಾಗ ಗೊತ್ತಾಯಿತು, ಆ ಮನುಷ್ಯ ಮೊದಲನೇ ಎಸೆತಕ್ಕೇ ಔಟಾಗಿದ್ದ.

ಮೈಕ್ ಮುಂದೆ ಆರು ಸೆಕೆಂಡ್ ಮೌನವಾದರೂ ನಮಗೆ ಬೆವರು ಕಿತ್ತು ಬರುತ್ತದೆ. ಆ ಗಾಬರಿಯಲ್ಲೂ ಯಾವ ಮಾತು ನಾಳೆ ತಿರುಗಿ ಬೀಳುವುದಿಲ್ಲ ಅಂತ ಲೆಕ್ಕ ಹಾಕುವುದು ದೊಡ್ಡ ವಿದ್ಯೆ. ರೇಗನ್ ಏನು ಅಂತ ಕೇಳಿದರೆ ನಾನು ಮೊದಲು ಹೇಳೋದು ಈ ಕತೆಯನ್ನೇ.

ಹಾಲಿವುಡ್ ಬಂದದ್ದೂ ಇದೇ ದಾರಿಯಲ್ಲಿ. 1937ರಲ್ಲಿ ಕಬ್ಸ್ ತಂಡದ ಅಭ್ಯಾಸದ ವರದಿಗೆ ಕ್ಯಾಲಿಫೋರ್ನಿಯಾಕ್ಕೆ ಹೋದವರು ವಾರ್ನರ್ ಬ್ರದರ್ಸ್‌ನಲ್ಲಿ ಪರೀಕ್ಷೆ ಕೊಟ್ಟರು. ವಾರಕ್ಕೆ 200 ಡಾಲರ್ ಒಪ್ಪಂದ ಸಿಕ್ಕಿತು. ಮೊದಲ ಪಾತ್ರವೂ ರೇಡಿಯೊ ಉದ್ಘೋಷಕನದ್ದೇ. ಅಧ್ಯಕ್ಷರಾದ ಮೇಲೂ 1982ರಿಂದ ಪ್ರತಿ ಶನಿವಾರ ರೇಡಿಯೊದಲ್ಲಿ ಐದು ನಿಮಿಷ ಮಾತಾಡುತ್ತಿದ್ದರು.

ಡಬ್ಬಿಂಗ್ ಶಶಿ:
ಮಾಮಾ, ಚೆನ್ನಾಗಿ ಹೇಳಿದ್ರಿ. ನಾನು ಸೀರಿಯಲ್‌ಗಳಿಗೆ ದನಿ ಕೊಡುವವಳು. ನನಗೆ ಮುಖ್ಯ ಅನ್ನಿಸೋದು ಅವರು ನಟರ ಸಂಘದ ಅಧ್ಯಕ್ಷರಾಗಿದ್ದದ್ದು. 1947ರಿಂದ 1952, ಮತ್ತೆ 1959–60. ಕಾರ್ಮಿಕ ಸಂಘ ನಡೆಸಿ ಆಮೇಲೆ ಅಮೆರಿಕದ ಅಧ್ಯಕ್ಷರಾದ ಮೊದಲಿಗರು ಅವರೇ. 1960ರಲ್ಲಿ ಮುಷ್ಕರಕ್ಕೆ ಮುಂದಾಳಾಗಿದ್ದರು. ಸಿನಿಮಾ ಟಿವಿಯಲ್ಲಿ ಬಂದರೆ ನಟರಿಗೂ ದುಡ್ಡು ಬರಬೇಕು ಅನ್ನೋದು ಬೇಡಿಕೆ. 1960ರಿಂದ ಈಚಿನ ಸಿನಿಮಾಗಳಿಗೆ ಅದು ಸಿಕ್ಕಿತು. ಹಳೆಯವನ್ನು ಬಿಟ್ಟುಕೊಟ್ಟು, ಬದಲಿಗೆ ಪಿಂಚಣಿ ಮತ್ತು ಆರೋಗ್ಯ ನಿಧಿಗೆ 20 ಲಕ್ಷ ಡಾಲರ್‌ಗೂ ಜಾಸ್ತಿ ಪಡೆದರು. ಹಳೇ ನಟರಿಗೆ ಇದು ಮೋಸ ಅನ್ನಿಸಿತು. ಸಣ್ಣ ಪಾತ್ರದವರಿಗೆ ಆಸ್ಪತ್ರೆ ಖರ್ಚು ಎಷ್ಟು ದೊಡ್ಡದು ಅಂತ ಬಲ್ಲ ನನಗೆ ಅದು ಒಳ್ಳೆಯ ಕೆಲಸವಾಗಿ ಕಾಣುತ್ತದೆ.

ಹಾಸನದ ಕಾಮ್ರೇಡ್:
ಶಶಿ ಅವರೇ, ಮುಂದಿನದನ್ನೂ ಮಕ್ಕಳಿಗೆ ಹೇಳಲೇಬೇಕು. 1981ರ ಆಗಸ್ಟ್‌ನಲ್ಲಿ ವಿಮಾನ ಸಂಚಾರ ನಿಯಂತ್ರಕರು ಮುಷ್ಕರ ಮಾಡಿದಾಗ 48 ಗಂಟೆ ಗಡುವು ಕೊಟ್ಟು, 11,000ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆದದ್ದು ಇದೇ ರೇಗನ್. 1980ರ ಚುನಾವಣೆಯಲ್ಲಿ ಆ ಸಂಘ ಅವರಿಗೇ ಬೆಂಬಲ ಕೊಟ್ಟಿತ್ತು! ಸರ್ಕಾರಿ ನೌಕರರು ಮುಷ್ಕರ ಮಾಡುವುದು ಕಾನೂನಿಗೆ ವಿರುದ್ಧ ಅನ್ನೋದು ಅವರ ವಾದ. ಅಮೆರಿಕದ ಕಾರ್ಮಿಕರಿಗೆ ಆ ಪೆಟ್ಟು ಬಹಳ ಕಾಲ ನೋಯಿತು.

ಧಾರವಾಡದ ರೇಡಿಯೊ ಮಾಮಾ:
ಕಾಮ್ರೇಡ್ ಹೇಳಿದ್ದು ನಿಜ, ಮುಚ್ಚಿಡಬಾರದು. ನಡುವೆ ಏನಾಯಿತು ಅಂತಲೂ ಹೇಳಿ. 1954ರಿಂದ 1962ರ ತನಕ ಜನರಲ್ ಎಲೆಕ್ಟ್ರಿಕ್ ಕಂಪನಿಯ ಟಿವಿ ಕಾರ್ಯಕ್ರಮ ನಡೆಸುತ್ತಿದ್ದರು. ಜೊತೆಗೆ ಕಂಪನಿಯ ಕಾರ್ಖಾನೆಗಳಿಗೆ ಹೋಗಿ ಕೆಲಸಗಾರರ ಮುಂದೆ ಮಾತಾಡಬೇಕಿತ್ತು. ವಿಮಾನ ಅಂದರೆ ಭಯ, ಅದಕ್ಕೇ ರೈಲಿನಲ್ಲೇ ತಿರುಗಿದರು. ಡೆಮಾಕ್ರಟ್ ಆಗಿದ್ದವರು 1962ರಲ್ಲಿ ರಿಪಬ್ಲಿಕನ್ ಆದರು. ಆ ವರ್ಷಗಳಲ್ಲಿ ಅದೇ ಭಾಷಣವನ್ನು ತಿದ್ದಿ ತಿದ್ದಿ, 1964ರ ಅಕ್ಟೋಬರ್ 27ರಂದು ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಗೋಲ್ಡ್‌ವಾಟರ್ ಪರವಾಗಿ ಟಿವಿಯಲ್ಲಿ ಮಾತಾಡಿದರು. ಗೋಲ್ಡ್‌ವಾಟರ್ ಸೋತರು. ರೇಗನ್ ಎರಡೇ ವರ್ಷಕ್ಕೆ ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆ ಗೆದ್ದರು.

ಅರಸೀಕೆರೆ ಟೀಚರ್:
ಎಲ್ಲರಿಗೂ ವಂದನೆ. ಮಾಮಾ, ನಮ್ಮ ಮಕ್ಕಳಿಗೆ ಬೇಸ್‌ಬಾಲ್ ಗೊತ್ತಿಲ್ಲ. ಫೌಲ್ ಅಂದರೆ ಏನಂತ ಹೇಳಲಿ?

ಧಾರವಾಡದ ರೇಡಿಯೊ ಮಾಮಾ:
ಚೆಂಡು ಬ್ಯಾಟಿಗೆ ತಾಗಿ ಗೆರೆಯ ಆಚೆ ಹೋಗುವುದು. ಕ್ಯಾಚ್ ಹಿಡಿಯದಿದ್ದರೆ ಔಟಿಲ್ಲ, ರನ್ನೂ ಇಲ್ಲ. ಎರಡು ಸ್ಟ್ರೈಕ್ (ಬ್ಯಾಟ್ ಹಿಡಿದವನ ಲೆಕ್ಕಕ್ಕೆ ಬೀಳುವ ತಪ್ಪು, ಮೂರಾದರೆ ಔಟ್) ಆದ ಮೇಲೆ ಹೀಗೆ ಎಷ್ಟು ಸಲ ಹೊಡೆದರೂ ಆಟ ಮುಂದೆ ಹೋಗುವುದಿಲ್ಲ, ಮತ್ತೆ ಎಸೆಯಬೇಕು ಅಷ್ಟೇ. ಒಂದು ಕೆಲಸ ಮಾಡಿ ಮೇಡಂ. ಚೆನ್ನಾಗಿ ಮಾತಾಡುವ ಒಂದು ಮಗುವಿಗೆ ಕ್ರಿಕೆಟ್ ಪಂದ್ಯದ ಚೀಟಿಗಳನ್ನು ಒಂದೊಂದಾಗಿ ಕೊಡಿ, ವೀಕ್ಷಕ ವಿವರಣೆ ಹೇಳಲಿ. ನಡುವೆ ಚೀಟಿ ಕೊಡುವುದನ್ನು ನಿಲ್ಲಿಸಿಬಿಡಿ. ರೇಗನ್ ಕತೆ ಆಮೇಲೆ ಹೇಳಿ.