ಸ್ಕ್ಯಾನಿಂಗ್ ನಾರ್ಮಲ್ ಅಂದರು, ಆದರೆ ಕಿಬ್ಬೊಟ್ಟೆ ನೋವು ಹೋಗುತ್ತಿಲ್ಲ

ಪ್ರಶ್ನೆ:
ನನಗೆ 31 ವರ್ಷ. ಕಿಬ್ಬೊಟ್ಟೆ ನೋವು ಶುರುವಾಗಿ ವರ್ಷ ದಾಟಿತು. ಮೊದಲು ಮುಟ್ಟಿನ ದಿನಗಳಲ್ಲಿ ಮಾತ್ರ ಬರುತ್ತಿತ್ತು. ಈಗ ಡೇಟ್‌ಗೆ ಮುಂಚೆಯೇ ಹಿಡಿದುಕೊಳ್ಳುತ್ತದೆ, ಮುಟ್ಟು ನಿಂತ ಮೇಲೂ ಪೂರ್ತಿ ಬಿಡುವುದಿಲ್ಲ. ಆ ದಿನಗಳಲ್ಲಿ ಟಾಯ್ಲೆಟ್‌ಗೆ ಕೂತರೆ ಒಳಗಿಂದ ಚುಚ್ಚುತ್ತದೆ. ಗಂಡನ ಜೊತೆ ಸೇರುವಾಗಲೂ ನೋವು, ಆದರೆ ಇದೊಂದನ್ನು ಡಾಕ್ಟರ್ ಮುಂದೆ ಹೇಳಲು ಬಾಯೇ ಬರಲಿಲ್ಲ. ಹೊಟ್ಟೆಯ ಮೇಲಿಂದ ಸ್ಕ್ಯಾನಿಂಗ್ ಮಾಡಿ ನಾರ್ಮಲ್ ಅಂದರು. ಅಮ್ಮನೋ, 'ನಮಗೂ ಹೀಗೇ ಇತ್ತು, ಮಗು ಆದರೆ ಸರಿಹೋಗುತ್ತೆ' ಅನ್ನುತ್ತಾರೆ. ಇದು ಸುಮ್ನೆ ಸಹಿಸಿಕೊಳ್ಳುವ ನೋವಾ?

ಉತ್ತರ 1:
ನನಗೂ ಅದೇ ಜಾಗದಲ್ಲಿ ನೋವಿತ್ತು. ಗರ್ಭಕೋಶದ್ದೇ ಅಂದುಕೊಂಡಿದ್ದೆ, ಕೊನೆಗೆ ನೋಡಿದರೆ ಮೂತ್ರಕೋಶದ್ದು. ಮೂತ್ರ ತುಂಬಿದಾಗ ನೋವು ಜಾಸ್ತಿ, ಹೋಗಿ ಬಂದರೆ ಸ್ವಲ್ಪ ಹಗುರ. ನಿಮ್ಮದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಅಂತ ಗಮನಿಸಿ.

ಉತ್ತರ 2:
ಸ್ತ್ರೀರೋಗ ವಿಭಾಗದಲ್ಲಿ ನರ್ಸ್ ನಾನು. ಪರೀಕ್ಷೆ ಮಾಡದೆ ಇಂಥದ್ದೇ ಕಾಯಿಲೆ ಅಂತ ಹೇಳುವುದಿಲ್ಲ, ಬೇರೆ ಯಾರು ಹೇಳಿದರೂ ನಂಬಬೇಡಿ. ಆದರೆ ಮುಟ್ಟಿಗೆ ಮುಂಚೆಯೇ ನೋವು, ಮಲ ಹೋಗುವಾಗ ಚುಚ್ಚುವುದು, ಸೇರುವಾಗ ಒಳಗೆ ನೋಯುವುದು, ಇವೆಲ್ಲ ಒಟ್ಟಿಗೆ ಇದ್ದರೆ ಎಂಡೋಮೆಟ್ರಿಯೋಸಿಸ್ ಇದೆಯಾ ಅಂತ ನೋಡಲೇಬೇಕು. ಗರ್ಭಕೋಶದ ಒಳಪದರದಂಥದ್ದೇ ಹೊರಗೆ, ಅಂಡಾಶಯದ ಮೇಲೋ ಕರುಳಿನ ಹತ್ತಿರವೋ ಬೆಳೆಯುವ ಕಾಯಿಲೆ ಅದು. ಹೆರುವ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಣ್ಣ ಚುಕ್ಕೆಗಳಷ್ಟೇ ಇದ್ದರೆ ಸ್ಕ್ಯಾನಿಂಗ್‌ನಲ್ಲಿ ಕಾಣದೇ ಇರಬಹುದು. ನಾರ್ಮಲ್ ಅಂದರೆ ದೊಡ್ಡ ಸಿಸ್ಟ್, ಗಡ್ಡೆ ಕಾಣಲಿಲ್ಲ ಅಂತ ಅಷ್ಟೇ, ನೋವೇ ಇಲ್ಲ ಅಂತ ಅಲ್ಲ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಅದರ ಬಗ್ಗೆ ಕೇಳಿ.

ಅಮ್ಮನ ಮಾತು ಪ್ರೀತಿಯದೇ. ಆದರೆ ಬಸಿರು ಇದಕ್ಕೆ ಮದ್ದಲ್ಲ. ಇದು ಎಂಡೋಮೆಟ್ರಿಯೋಸಿಸ್ ಆಗಿದ್ದರೆ ಬಸಿರು ನಿಲ್ಲುವುದೇ ಕಷ್ಟವಾಗಬಹುದು.

ಸೇರುವಾಗಿನ ನೋವಿನ ವಿಷಯವನ್ನು ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಎಷ್ಟೋ ಜನ ಹಾಗೆ ಕೊಡುತ್ತಾರೆ, ನಮಗೆ ಅದು ಹೊಸದಲ್ಲ. ಅದನ್ನು ಬಿಟ್ಟು ಬರೀ 'ಹೊಟ್ಟೆ ನೋವು' ಅಂದರೆ ಮುಖ್ಯವಾದ ಸುಳಿವೇ ಕೈತಪ್ಪುತ್ತದೆ. ನೋವು ಬಂದ ದಿನ, ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಆ ದಿನ ಕೆಲಸ ಮಾಡಲು ಆಯಿತಾ ಇಲ್ಲವಾ, ಇಷ್ಟನ್ನು ಫೋನ್‌ನಲ್ಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸಿಸ್ಟರ್. ನೋವು ತಡೆಯಲಾಗದೆ ಹೋದಾಗ ಮಾತ್ರ ಮೆಫೆನಾಮಿಕ್ ಆಸಿಡ್ ಮಾತ್ರೆ ತಗೊಳ್ಳುತ್ತೇನೆ, ಅಷ್ಟೇನೂ ಕೆಲಸ ಮಾಡುತ್ತಿಲ್ಲ. ಇನ್ನೊಂದು ವಿಷಯ, ಯಾವ ನೋವಿಗೆ ತಕ್ಷಣ ಓಡಬೇಕು?

ಉತ್ತರ 2 ಬರೆದವರು:
ಮುಟ್ಟಿನ ನೋವಿಗೆ ಕಾರಣವಾಗುವ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ದೇಹದಲ್ಲಿ ತಯಾರಾಗುವುದನ್ನೇ ಆ ಮಾತ್ರೆ ತಡೆಯುತ್ತದೆ. ಅದಕ್ಕೇ ನೋವು ಶುರುವಾಗುತ್ತಿದ್ದಂತೆ, ಊಟ ಆದ ಮೇಲೆ ತಗೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಟ್ಟೆ ಹುಣ್ಣು, ಅಸ್ತಮಾ, ಕಿಡ್ನಿ ತೊಂದರೆ ಇದ್ದರೆ ಅಥವಾ ಬಸಿರಿರಬಹುದು ಅನಿಸಿದರೆ ಡಾಕ್ಟರನ್ನು ಕೇಳದೆ ಬೇಡ.

ಓಡಬೇಕಾದದ್ದು ಇಂಥದಕ್ಕೆ. ಮುಟ್ಟು ತಪ್ಪಿದೆ, ಒಂದು ಕಡೆ ಜೋರು ನೋವು, ರಕ್ತ ಕಾಣುತ್ತಿದೆ, ತಲೆ ಸುತ್ತುತ್ತಿದೆ ಅಥವಾ ಭುಜದ ತುದಿಯಲ್ಲಿ ನೋವು. ಬಸಿರು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತು, ಆ ನಾಳ ಒಡೆದಿದ್ದರೆ ಹೀಗಾಗುತ್ತದೆ, ಜೀವಕ್ಕೇ ಅಪಾಯ. ಇದ್ದಕ್ಕಿದ್ದಂತೆ ತಡೆಯಲಾಗದ ನೋವು, ಜೊತೆಗೆ ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು, ಬೆಳಗಾಗಲಿ ಅಂತ ಕಾಯಬೇಡಿ. ಜ್ವರ, ಚಳಿ, ವಾಸನೆಯ ಬಿಳಿಸೆರಗು ಇದ್ದರೆ ಸೋಂಕಿರಬಹುದು, ಅದೇ ದಿನ ತೋರಿಸಿ. ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೂ ಅಷ್ಟೇ.

ಉತ್ತರ 3:
ಒಂದು ಸೇರಿಸುತ್ತೇನೆ. ನನಗೆ ಎಲ್ಲಾ ಪರೀಕ್ಷೆ ಆದ ಮೇಲೆ ಗೊತ್ತಾದದ್ದು, ಸೊಂಟದ ಕೆಳಗಿನ ಸ್ನಾಯುಗಳು ಸದಾ ಬಿಗಿದುಕೊಂಡೇ ಇದ್ದವು ಅಂತ. ಅದಕ್ಕೇ ಇರುವ ಫಿಸಿಯೋಥೆರಪಿಯಿಂದ ನನಗೆ ತುಂಬಾ ಕಡಿಮೆಯಾಯಿತು. ಇಂಟರ್‌ನೆಟ್ ನೋಡಿ ಬಿಗಿಹಿಡಿಯುವ ಕೆಗೆಲ್ ವ್ಯಾಯಾಮವನ್ನು ನೀವೇ ಶುರುಮಾಡಬೇಡಿ. ಮೊದಲೇ ಬಿಗಿದಿರುವ ಸ್ನಾಯುವಿಗೆ ಅದರಿಂದ ನೋವು ಇನ್ನೂ ಜಾಸ್ತಿಯಾಗಬಹುದು.