ಯುದ್ಧ ಕಂಡ ದೇಶದಲ್ಲಿ ಗೇರುಬೀಜದ ಫ್ಯಾಕ್ಟರಿ ಹಾಕಬಹುದಾ?

ಪ್ರಶ್ನೆ (ಬದಿಯಡ್ಕದಿಂದ): ನಮಸ್ಕಾರ ಸಾರ್. ನಮ್ಮದು ಸಣ್ಣ ಗೇರುಬೀಜದ ಫ್ಯಾಕ್ಟರಿ. ಹಸಿ ಬೀಜ ಜಾಸ್ತಿ ಬರುವುದು ಆಫ್ರಿಕಾದಿಂದ. ಈಗ ನಮ್ಮ ಭಾವ, ಮೊಜಾಂಬಿಕ್‌ನಲ್ಲೇ ಒಂದು ಫ್ಯಾಕ್ಟರಿ ಹಾಕೋಣ ಅನ್ನುತ್ತಿದ್ದಾರೆ. ಯುದ್ಧದಲ್ಲಿ ನಲುಗಿದ ದೇಶ. ಅಂಥ ಕಡೆ ಖಾಸಗಿಯವರು ಯಾವ ಧೈರ್ಯದಲ್ಲಿ ದುಡ್ಡು ಹಾಕುತ್ತಾರೆ?

ಉತ್ತರ (ನಿವೃತ್ತ ರಫ್ತು ವಿಮೆ ಅಧಿಕಾರಿ, ಕಾಸರಗೋಡು): ಬರೀ ಧೈರ್ಯದ ಮೇಲೆ ಯಾರೂ ಹಾಕುವುದಿಲ್ಲ, ದೊಡ್ಡ ಕಂಪನಿಗಳೂ ಅಷ್ಟೇ. ಅಲ್ಲಿನ ಅಂತರ್ಯುದ್ಧ 1977ರಿಂದ 1992ರ ತನಕ ನಡೆಯಿತು. 2000ದಲ್ಲಿ ರಾಜಧಾನಿ ಮಪುಟೊ ಹತ್ತಿರ ಮೊಜಾಲ್ ಅನ್ನುವ ಅಲ್ಯೂಮಿನಿಯಂ ಫ್ಯಾಕ್ಟರಿ ಶುರುವಾಯಿತು. ಖಾಸಗಿ ಕಂಪನಿಗಳಿಗೆ ಸಾಲ ಕೊಡುವ, ವಿಶ್ವಬ್ಯಾಂಕ್ ಬಳಗದ ಐಎಫ್‌ಸಿ ಅದಕ್ಕೆ ದುಡ್ಡು ಕೊಟ್ಟಿತ್ತು. ಮೊದಲು ಒಬ್ಬರು ಹೊಳೆಗೆ ಇಳಿದು ಆಳ ತೋರಿಸಬೇಕು, ಅಲ್ವಾ?

ಅದೇ ಬಳಗದಲ್ಲಿ ಮಿಗಾ ಅಂತ ಇನ್ನೊಂದು ಸಂಸ್ಥೆ ಇದೆ, 1988ರದ್ದು. ಸರಕಾರ ಫ್ಯಾಕ್ಟರಿ ಕಿತ್ತುಕೊಂಡರೆ, ಲಾಭವನ್ನು ಡಾಲರ್ ಮಾಡಿ ಊರಿಗೆ ಕಳಿಸಲು ಬಿಡದಿದ್ದರೆ, ಒಪ್ಪಂದ ಮುರಿದರೆ, ಯುದ್ಧ ಗಲಭೆಯಲ್ಲಿ ನಷ್ಟವಾದರೆ ಅದರ ವಿಮೆ ಇದೆ. ಬೀಜದ ರೇಟು ಬಿದ್ದರೆ ಮಾತ್ರ ಕೇಳಬೇಡಿ! ನಮ್ಮ ಕೇಂದ್ರ ಸರಕಾರದ ರಫ್ತು ವಿಮೆ ಕಂಪನಿ ಇಸಿಜಿಸಿಯಲ್ಲೂ ಹೊರದೇಶದ ಹೂಡಿಕೆಗೆ ವಿಮೆ ಸಿಗುತ್ತದೆ. ಮೊದಲು ಅಲ್ಲಿ ವಿಚಾರಿಸಿ.

ಪ್ರಶ್ನೆ: ಈಗ ಯುದ್ಧ ಮುಗಿದಿದೆಯಲ್ಲ ಸಾರ್?

ಉತ್ತರ: ಆ ಯುದ್ಧ ಮುಗಿಯಿತು. ಆದರೆ ಉತ್ತರದ ಕಾಬೊ ಡೆಲ್ಗಾಡೊದಲ್ಲಿ 2017ರಲ್ಲಿ ಉಗ್ರರ ಹಾವಳಿ ಶುರುವಾಯಿತು. 2021ರಲ್ಲಿ ಪಾಲ್ಮಾ ಪಟ್ಟಣದ ಮೇಲೆ ದಾಳಿಯಾದಾಗ ಫ್ರಾನ್ಸಿನ ಟೋಟಲ್ ಕಂಪನಿ ತನ್ನ ಗ್ಯಾಸ್ ಕೆಲಸವನ್ನೇ ನಿಲ್ಲಿಸಿತು. ಅದರಲ್ಲಿ ನಮ್ಮ ಒಎನ್‌ಜಿಸಿ ವಿದೇಶ್, ಬಿಪಿಸಿಎಲ್ ದುಡ್ಡೂ ಇದೆ. ಗೇರು ಜಾಸ್ತಿ ಬೆಳೆಯುವ ನಂಪುಲಾ ಪ್ರಾಂತ್ಯ ಅದಕ್ಕೆ ತಾಗಿಕೊಂಡೇ ಇದೆ. ಭಾವನವರಿಗೆ ಒಮ್ಮೆ ಮ್ಯಾಪ್ ತೋರಿಸಿ.

ನನಗೆ ಗುಂಡಿಗಿಂತ ಸುಂಕದ ಹೆದರಿಕೆ ಜಾಸ್ತಿ. 1960ರ ದಶಕದಲ್ಲಿ ಗೇರುಬೀಜದಲ್ಲಿ ಆ ದೇಶವೇ ಪ್ರಪಂಚಕ್ಕೆ ಮುಂದು. ಯುದ್ಧದಲ್ಲಿ ತೋಟ ಹಾಳಾಯಿತು. 90ರ ದಶಕದಲ್ಲಿ ವಿಶ್ವಬ್ಯಾಂಕ್ ಮಾತು ಕೇಳಿ ಹಸಿ ಬೀಜದ ರಫ್ತು ಸುಂಕ ಇಳಿಸಿದರು. ಬೀಜ ಹಡಗು ಹತ್ತಿ ಭಾರತಕ್ಕೆ ಬಂತು, ಅಲ್ಲಿನ ಫ್ಯಾಕ್ಟರಿಗಳು ಬಾಗಿಲು ಹಾಕಿದವು, ಸಾವಿರಾರು ಜನ ಕೆಲಸ ಕಳಕೊಂಡರು. ನಮ್ಮ ಕಡೆ ಬೀಜ ಸುಲಿದವರಿಗೆ ಈ ಕತೆ ಗೊತ್ತಿರಲಿಕ್ಕಿಲ್ಲ. ಆಮೇಲೆ ಸುಂಕ ಮತ್ತೆ ಏರಿಸಿದರು. ಅಲ್ಲಿ ಫ್ಯಾಕ್ಟರಿ ನಡೆಯಬೇಕಾದರೆ ಆ ಸುಂಕ ಇರಬೇಕು. ಅದು ಇಳಿದು ನಿಮಗೆ ನಷ್ಟವಾದರೆ ವಿಮೆ ಸುಮ್ನೆ ಸಿಗುವುದಿಲ್ಲ. ಸುಂಕ ಬದಲಿಸುವುದಿಲ್ಲ ಅಂತ ಸರಕಾರ ಬರೆದುಕೊಟ್ಟಿದ್ದರೆ ಮಾತ್ರ, ಒಪ್ಪಂದ ಮುರಿದ ಲೆಕ್ಕದಲ್ಲಿ ಕೇಳಬಹುದು.

ಪ್ರಶ್ನೆ: ಹಾಗಾದರೆ ಬೇಡ ಅನ್ನುತ್ತೀರಾ?

ಉತ್ತರ: ಬೇಡ ಅನ್ನಲಿಲ್ಲ ಮಾರಾಯ್ರೇ. ಬೀಜದ ಸೀಸನ್‌ನಲ್ಲಿ ಒಮ್ಮೆ ಹೋಗಿ ಬನ್ನಿ. ನಕಾಲಾ ಬಂದರಿಗೆ ರಸ್ತೆ ಹೇಗಿದೆ, ಕರೆಂಟ್ ಎಷ್ಟು ಹೊತ್ತು ಇರುತ್ತದೆ, ಬ್ಯಾಂಕಿನಲ್ಲಿ ಡಾಲರ್ ಸಿಗುತ್ತದಾ ನೋಡಿ. ಜಾಗಕ್ಕೆ ಅಡ್ವಾನ್ಸ್ ಕೊಡುವುದು ಆಮೇಲೆ.