ತಮ್ಮ ದಿನಾ ಹಾಸ್ಟೆಲಿಂದ ಫೋನ್ ಮಾಡಿ ಊರಿಗೆ ಬರ್ತೀನಿ ಅಂತಾನೆ, ಅನುಭವ ಇದ್ದವರು ಹೇಳಿ

ನಾವು ಕೊಪ್ಪಳ ಕಡೆಯವರು. ತಮ್ಮ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್ ಇಲ್ಲೇ ಮಾಡಿದ. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಪಾಠ ಕನ್ನಡದಲ್ಲೇ ನಡೆಯುತ್ತಿತ್ತು. ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂತು, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಹೋಗಿ ಮೂರು ವಾರ ಆಯಿತು. ದಿನಾ ರಾತ್ರಿ ಒಂದೇ ಮಾತು: "ಅಕ್ಕಾ, ಕ್ಲಾಸಿನ್ಯಾಗ ಏನೂ ತಿಳೀವಲ್ದು. ರೂಮಿನ್ಯಾಗ ಇಬ್ಬರೂ ಹಿಂದಿ ಮಾತಾಡ್ತಾರ. ನಾ ಬರ್ತೀನಿ." ಅಪ್ಪ ಬೈಯುತ್ತಾರೆ, ಅವ್ವ ಅಳುತ್ತಾಳೆ. ನಾನು ಊರಲ್ಲೇ ಡಿಗ್ರಿ ಮುಗಿಸಿದವಳು, ಹಾಸ್ಟೆಲ್ ಹೇಗಿರುತ್ತೆ ಅಂತಲೇ ಗೊತ್ತಿಲ್ಲ. ಅವನಿಗೆ ಏನು ಹೇಳಲಿ? ಪ್ರತಿ ಶನಿವಾರ ಊರಿಗೆ ಕರೆಸಿಕೊಂಡರೆ ಸರಿಹೋಗುತ್ತಾ?

ಗದಗ ಕಡೆಯವ, 2022ರಲ್ಲಿ ಸೇರಿದ್ದೆ:

ಅಕ್ಕಾ, ನಿಮ್ಮ ತಮ್ಮ ಹೇಳಿದ್ದನ್ನೇ ನಾನೂ ನಮ್ಮಣ್ಣನಿಗೆ ಹೇಳಿದ್ದೆ. ಅಕ್ಷರ ಸಹ ಬದಲಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಮೊದಲ ಸೆಮಿಸ್ಟರಿನ ಮ್ಯಾಥ್ಸಿನಲ್ಲಿ ಶುರುವಿಗೇ ಪೋಲಾರ್ ಕರ್ವ್ಸ್ ಬರುತ್ತೆ. ಅದರಲ್ಲಿ ಪೆಡಲ್ ಈಕ್ವೇಷನ್ ಅಂತ ಒಂದಿದೆ. ಮೇಡಂ ಬೋರ್ಡಿನ ಮೇಲೆ ಬರೆದುಕೊಂಡು ಹೋದರು. ನನಗೆ ಪೆಡಲ್ ಅಂದರೆ ಸೈಕಲ್ಲಿನದೊಂದೇ ಗೊತ್ತು. ಸೈಕಲ್ಲಿಗೂ ಈ ಲೆಕ್ಕಕ್ಕೂ ಏನು ಸಂಬಂಧ ಅಂತ ಯೋಚಿಸುತ್ತಾ ಕೂತೆ. ಅಷ್ಟರಲ್ಲಿ ಬೋರ್ಡ್ ಅಳಿಸಿ ಮುಂದಿನ ಲೆಕ್ಕಕ್ಕೆ ಹೋಗಿಬಿಟ್ಟಿದ್ದರು. ಕೇಳೋಣ ಅಂದರೆ ಇಂಗ್ಲಿಷಿನಲ್ಲಿ ಕೇಳಬೇಕಲ್ಲ. ಅರವತ್ತು ಜನ ತಿರುಗಿ ನೋಡಿದರೆ? ಬಾಯಿ ಕಟ್ಟಿಹೋಯಿತು. ನೋಟ್ಸಿನ ಅಂಚಿನಲ್ಲಿ ಕನ್ನಡ ಅಕ್ಷರದಲ್ಲಿ "ಪೆಡಲ್??" ಅಂತ ಬರೆದಿಟ್ಟೆ. ಆ ವಾರದ ನೋಟ್ಸ್ ತುಂಬ ಇಂಥವೇ.

ರಾತ್ರಿ ಮೆಸ್ಸಿನಲ್ಲಿ ಹಾವೇರಿ ಕಡೆಯ ಸೀನಿಯರ್ ಒಬ್ಬರು ಆ ಪುಟ ನೋಡಿ ನಕ್ಕರು. "ಪೆಡಲ್ ಅಂದ್ರ ಪಾದಪ್ಪಾ. ಒಂದು ಬಿಂದುವಿಂದ ಗೆರೆ ಮ್ಯಾಲ ಲಂಬ ಎಳದ್ರ ಅದು ಎಲ್ಲಿ ಮುಟ್ಟತೈತಿ? ಅದು ಲಂಬಪಾದ. ಸೈಕಲ್ ಪೆಡಲ್ಲೂ ಕಾಲಿಂದನ ಬಂದ ಶಬ್ದ." ನಂಬ್ತೀರೋ ಇಲ್ಲವೋ, ನನಗೆ ಕಣ್ಣಲ್ಲಿ ನೀರು ಬಂತು. ಲಂಬ, ಸ್ಪರ್ಶಕ, ತ್ರಿಜ್ಯ ಎಲ್ಲವನ್ನೂ ಹತ್ತನೇ ಕ್ಲಾಸಿನಲ್ಲೇ ಓದಿದ್ದೆ. ಟ್ಯಾಂಜೆಂಟ್ ಅಂದಾಗ ಅದು ಸ್ಪರ್ಶಕ ಅಂತ ಪಿಯುಸಿಯಲ್ಲೇ ಗೊತ್ತಾಗಿತ್ತು, ಆದರೆ ಇಂಗ್ಲಿಷಿನಲ್ಲಿ ಓಡುವ ಪಾಠದ ಮಧ್ಯೆ ತಲೆಗೆ ಹೊಳೆಯುತ್ತಿರಲಿಲ್ಲ. ನನಗೆ ಬರದೇ ಇದ್ದದ್ದು ಲೆಕ್ಕವಲ್ಲ, ಆ ಲೆಕ್ಕದ ಹೆಸರುಗಳು.

ಅವತ್ತಿಂದ ಒಂದು ಕೆಲಸ ಮಾಡಿದೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಂಡು ಎಡಗಡೆ ಇಂಗ್ಲಿಷ್ ಶಬ್ದ, ಬಲಗಡೆ ನನಗೆ ತಿಳಿಯೋ ಹಾಗೆ ಕನ್ನಡದಲ್ಲಿ ಎರಡು ಸಾಲು. ದಿನಕ್ಕೆ ಎಂಟೋ ಹತ್ತೋ. ಇಂಟರ್ನಲ್ಸ್ (ಕಾಲೇಜಿನ ಒಳಪರೀಕ್ಷೆ) ಬರುವ ಹೊತ್ತಿಗೆ ಮುಕ್ಕಾಲು ನೋಟ್‌ಬುಕ್ ತುಂಬಿತ್ತು. ಎರಡನೇ ಸೆಮಿಸ್ಟರಿನಲ್ಲಿ ಅದನ್ನು ತೆರೆಯುವುದೇ ಕಮ್ಮಿಯಾಯಿತು. ನಿಮ್ಮ ತಮ್ಮನಿಗೂ ಒಂದು ಕೊಡಿಸಿ.

ಇನ್ನು ಡ್ರಾಯಿಂಗ್. ಸೆಕ್ಷನ್ ಆಫ್ ಸಾಲಿಡ್ಸ್ (ಘನಾಕೃತಿ ಕೊಯ್ದರೆ ಕಾಣುವ ಮುಖ ಬರೆಯೋದು) ಬಂದಾಗ ಬೆಂಗಳೂರಿನ ಸಿಬಿಎಸ್‌ಇ ಹುಡುಗರೂ ನಮ್ಮ ಹಾಗೇ ಬಾಯಿ ಬಿಟ್ಟುಕೊಂಡು ಕೂತಿದ್ದರು. ಯಾರೂ ಅದನ್ನು ಮೊದಲು ಓದಿರಲಿಲ್ಲ. ನಮ್ಮಪ್ಪ ಬಡಗಿ. ಮರವನ್ನು ಓರೆಯಾಗಿ ಕೊಯ್ದರೆ ಮುಖ ಹೇಗೆ ಕಾಣುತ್ತೆ ಅಂತ ಚಿಕ್ಕಂದಿನಿಂದ ನೋಡಿದ್ದೆ. ಮೆಸ್ಸಿನಿಂದ ಒಂದು ಮೂಲಂಗಿ ತಂದು, ಚೂಪು ಕಡೆ ಮೇಲೆ ಮಾಡಿ ಓರೆಯಾಗಿ ಕತ್ತರಿಸಿ ರೂಮಿನವರಿಗೆ ತೋರಿಸಿದೆ. ಕೋನ್ ಕೊಯ್ದರೆ ಎಲಿಪ್ಸ್ ಹೇಗೆ ಬರುತ್ತೆ ಅಂತ ಅವರಿಗೆ ಆಗಲೇ ಕಂಡದ್ದು. ಮರುದಿನ ಪಕ್ಕದ ರೂಮಿನವರೂ ಮೂಲಂಗಿ ಹಿಡ್ಕೊಂಡು ಬಂದರು! ಮೆಸ್ ಅಣ್ಣ ಬೈದ, ಅದು ಬೇರೆ ವಿಷಯ.

ರೂಮ್‌ಮೇಟ್‌ಗಳು ಹಿಂದಿ ಮಾತಾಡ್ತಾರೆ ಅಂದಿರಿ. ಹೊರರಾಜ್ಯದವರಾದರೆ ಅವರು ಬಳಕೆ ಕನ್ನಡ ಅನ್ನೋ ಪೇಪರ್ ಬರೀಬೇಕಾಗುತ್ತೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೋರ್ಸಿನಲ್ಲಿ ನಮಗೆ ಸಾಂಸ್ಕೃತಿಕ ಕನ್ನಡ, ಕನ್ನಡ ಬಾರದವರಿಗೆ ಬಳಕೆ ಕನ್ನಡ. ನನ್ನ ರೂಮಿನ ಬಿಹಾರದ ಹುಡುಗನಿಗೆ "ಎಷ್ಟು", "ಎಲ್ಲಿ", "ಯಾವಾಗ" ಕಲಿಸಿದ್ದು ನಾನೇ. ಅವನು ನನಗೆ ಸಿ ಪ್ರೋಗ್ರಾಂ ಹೇಳಿಕೊಟ್ಟ. ಸೆಮಿಕೋಲನ್ ಬಿಟ್ಟಿದ್ದಕ್ಕೆ ಒಂದು ಗಂಟೆ ಪರದಾಡಿದ್ದೆ, ಬಂದು ಒಂದೇ ಸೆಕೆಂಡಿನಲ್ಲಿ ಬೆರಳಿಟ್ಟು ತೋರಿಸಿದ.

ಪ್ರತಿ ಶನಿವಾರ ಊರಿಗೆ ಕರೆಸಬೇಡಿ ಅಂತ ನನ್ನ ಅಭಿಪ್ರಾಯ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿದರೆ ಬೆಳಿಗ್ಗೆ ನಮ್ಮೂರು, ಅದೇ ತೊಂದರೆ. ನಾನು ನಾಲ್ಕು ವಾರ ಹೀಗೇ ಓಡಾಡಿದೆ. ಸೋಮವಾರ ಮೊದಲ ಕ್ಲಾಸಿಗೆ ನಿದ್ದೆಗಣ್ಣು, ಮಂಗಳವಾರ ಅವ್ವನ ನೆನಪು, ಬುಧವಾರ ಸ್ವಲ್ಪ ಹೊಂದಿಕೊಂಡೆ ಅನ್ನೋ ಹೊತ್ತಿಗೆ ಮತ್ತೆ ಟಿಕೆಟ್ ಬುಕ್ ಮಾಡೋ ಯೋಚನೆ. ಐದನೇ ವಾರ ಅಣ್ಣನೇ ಬಂದು ಒಂದು ಭಾನುವಾರ ನನ್ನ ಜೊತೆ ಇದ್ದು ಹೋದ. ಅದು ಜಾಸ್ತಿ ಉಪಯೋಗ ಆಯಿತು. ನನ್ನ ಮಂಚ, ಮೆಸ್, ಬಸ್ ಸ್ಟಾಪ್ ಎಲ್ಲಾ ಅವನು ನೋಡಿದ. ಆಮೇಲೆ ಫೋನಿನಲ್ಲಿ ಮಾತಾಡೋದು ಸುಲಭವಾಯಿತು.

ಮಂಡ್ಯದವಳು, ಓದಿದ್ದು ಧಾರವಾಡದಲ್ಲಿ:

ನನ್ನದು ಉಲ್ಟಾ ಕಥೆ. ಕನ್ನಡದಿಂದ ಕನ್ನಡಕ್ಕೇ ಹೋದವಳು, ಆದರೂ ಮೊದಲ ವಾರ ಅತ್ತಿದ್ದೇನೆ. ಮೆಸ್ಸಿನ ಅಮ್ಮ "ಇನ್ನೊಂದು ಹಚ್ಚಲೇನ್ರಿ?" ಅಂದರೆ ಏನು ಹಚ್ಚೋದು, ಎಣ್ಣೇನಾ ಅಂತ ನೋಡ್ತಿದ್ದೆ. ರೊಟ್ಟಿ ಬಡಿಸಲಾ ಅಂತ ಕೇಳ್ತಿದ್ದರು ಪಾಪ. ನನಗೆ ಮುದ್ದೆ ಬೇಕು, ಅಲ್ಲಿ ಜೋಳದ ರೊಟ್ಟಿ. ಎರಡು ತಿಂಗಳಿಗೆ ನಾನೇ "ಹೌದ್ರಿ, ಸಾಕ್ರಿ" ಶುರು ಮಾಡಿದೆ, ಈಗಲೂ ಊರಲ್ಲಿ ನಗ್ತಾರೆ. ನಿಮ್ಮ ತಮ್ಮನಿಗೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕಳಿಸಿ. ಅದು ರೂಮಲ್ಲಿ ಎಲ್ಲರನ್ನೂ ಮಾತಾಡಿಸುತ್ತೆ.

ಕಾಲೇಜಿನಲ್ಲಿ ಪಾಠ ಮಾಡುವವರು:

ಎರಡೇ ವಿಷಯ, ಮೇಷ್ಟ್ರ ಕಡೆಯಿಂದ.

ವಿಟಿಯುನಲ್ಲಿ ಪ್ರತಿ ವಿಷಯಕ್ಕೂ 85 ಪರ್ಸೆಂಟ್ ಹಾಜರಿ ಬೇಕು. 40 ಕ್ಲಾಸ್ ಇದ್ದರೆ 34ಕ್ಕೆ ಬರಲೇಬೇಕು, ಅಂದರೆ ತಪ್ಪಿಸಬಹುದಾದ್ದು ಆರೇ. ಸೋಮವಾರ ಬೆಳಿಗ್ಗೆ ಯಾವ ವಿಷಯ ಇದೆಯೋ ವಾರವಾರ ಊರಿಗೆ ಹೋಗುವವರಿಗೆ ಮೊದಲು ಹಾಜರಿ ಕೊರತೆ ಬೀಳುವುದು ಅದರಲ್ಲೇ. 2022ರ ಸ್ಕೀಮಿನಲ್ಲಿ (ಪಠ್ಯಕ್ರಮದಲ್ಲಿ) ಇಂಟರ್ನಲ್ಸಿಗೆ 50 ಅಂಕ, ಅದರಲ್ಲಿ 20 ಬರದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಕೊನೆಗೆ ಓದಿಕೊಳ್ಳೋಣ ಅನ್ನುವ ಪಿಯುಸಿ ಲೆಕ್ಕಾಚಾರ ಇಲ್ಲಿ ನಡೆಯಲ್ಲ.

ಇನ್ನೊಂದು, ಅವನಿಗೆ ಮೆಂಟರ್ ಅಂತ ಒಬ್ಬರನ್ನು ಕೊಟ್ಟಿರುತ್ತಾರೆ. ಸ್ಟಾಫ್ ರೂಮಿಗೆ ಹೋಗಿ ಕನ್ನಡದಲ್ಲೇ ಕೇಳಲಿ. ನಮ್ಮಲ್ಲಿ ಬಹಳ ಮಂದಿ ಕನ್ನಡ ಮೀಡಿಯಂನಿಂದಲೇ ಬಂದವರು, ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡ್ತೀವಿ ಅಷ್ಟೇ. ಬಾಗಿಲ ಹೊರಗೆ ಹತ್ತು ನಿಮಿಷ ನಿಂತು, ಒಳಗೆ ಬರದೆ ವಾಪಸ್ ಹೋಗುವ ಮಕ್ಕಳನ್ನು ಪ್ರತಿ ವರ್ಷ ನೋಡ್ತೀನಿ.

ಊಟ, ನಿದ್ದೆ ಬಿಟ್ಟಿದ್ದಾನೆ, ಯಾರ ಜೊತೆಗೂ ಸೇರುತ್ತಿಲ್ಲ ಅಂತ ಅನ್ನಿಸಿದರೆ ಮಾತ್ರ ಇದನ್ನು ಊರ ನೆನಪು ಅಂತ ತಳ್ಳಿಹಾಕಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಇಲ್ಲ. ರ‍್ಯಾಗಿಂಗ್ ಏನಾದರೂ ಇದ್ದು ಹೇಳಿಕೊಳ್ಳುತ್ತಿಲ್ಲವಾ ಅಂತಲೂ ಮೆಲ್ಲಗೆ ಕೇಳಿ. ಅದಕ್ಕೆ 1800-180-5522 ಇದೆ.

ಬಿಟ್ಟು ಬಂದವ:

ಎಲ್ಲರೂ ಇರು ಇರು ಅಂತಿದ್ದಾರೆ, ನಾನು ಬೇರೆ ಹೇಳ್ತೀನಿ. ನಾನು ಎಂಜಿನಿಯರಿಂಗ್ ಬಿಟ್ಟು ಊರಿಗೆ ಬಂದು ಬಿಎಸ್ಸಿ ಸೇರಿದವನು. ಈಗ ಹೈಸ್ಕೂಲ್ ಮೇಷ್ಟ್ರು, ಚೆನ್ನಾಗಿದ್ದೀನಿ. ಆದರೆ ಮೂರನೇ ವಾರಕ್ಕೇ ಬಿಟ್ಟು ಬರಲಿಲ್ಲ. ಒಂದು ಸೆಮಿಸ್ಟರ್ ಪೂರ್ತಿ ಮಾಡಿ, ಪರೀಕ್ಷೆ ಬರೆದು, ಪಾಸೂ ಆಗಿ ಬಂದೆ. ಹಾಗಾಗಿ ಭಯಕ್ಕೆ ಓಡಿಬಂದೆ ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ. ಕಟ್ಟಿದ ಫೀಸ್ ಹೋಯಿತು, ಮಾರ್ಕ್ಸ್ ಕಾರ್ಡ್ ವಾಪಸ್ ಪಡೆಯೋಕೆ ಐದು ಸಲ ಅಲೆದೆ. ಅಪ್ಪ ಆರು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಗದಗ ಕಡೆಯವ:

ಒಂದು ಮರೆತೆ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲಿನಲ್ಲಿ ಅರ್ಜಿ ಹಾಕಿದ್ದಾನಾ? ಜಾತಿ, ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ (ಸರ್ಟಿಫಿಕೇಟಿನ ಮೇಲೇ ಇರುತ್ತೆ) ಬೇಕಾಗುತ್ತೆ, ನಾಡಕಚೇರಿಯ ಕೆಲಸ ನೀವೇ ಊರಲ್ಲಿ ಮುಗಿಸಿ ಕೊಟ್ಟರೆ ಅವನಿಗೆ ಒಂದು ತಲೆನೋವು ಕಮ್ಮಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಅನ್ನೋ ಊಟ-ವಸತಿ ನೆರವು ಇದೆ, ನನಗೆ ತಿಂಗಳಿಗೆ 1500ರಂತೆ ಹತ್ತು ತಿಂಗಳಿನದು ಬಂದಿತ್ತು.

ಕೇಳಿದ ಅಕ್ಕ, ಎಂಟು ದಿನದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಹೋಗಿ ಬಂದೆ. ಪೆಡಲ್ ಕಥೆ ಹೇಳಿದೆ, ಸುಮ್ನೆ ಕೇಳಿಸಿಕೊಂಡ, ಏನೂ ಅನ್ನಲಿಲ್ಲ. ನೋಟ್‌ಬುಕ್ ಇಸ್ಕೊಂಡ. ಮೊನ್ನೆ ಫೋಟೋ ಕಳಿಸಿದ್ದಾನೆ, ಎರಡು ಪುಟ ತುಂಬಿದೆ. ಊರಿಗೆ ಬರ್ತೀನಿ ಅನ್ನೋದು ಇನ್ನೂ ನಿಂತಿಲ್ಲ, ನಿನ್ನೆಯೂ ಅಂದ. ಆದರೆ ದೀಪಾವಳಿಗೆ ಟಿಕೆಟ್ ನೋಡು ಅಂದ, ಈ ಶನಿವಾರಕ್ಕೆ ಅನ್ನಲಿಲ್ಲ. ಚಟ್ನಿಪುಡಿ ಮೂರೇ ದಿನಕ್ಕೆ ಖಾಲಿಯಂತೆ.

ಈಗ ಇನ್ನೊಂದು ಪ್ರಶ್ನೆ. ಅವನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಇನಿಷಿಯಲ್ ಇದೆ, ಆಧಾರಿನಲ್ಲಿ ಇಲ್ಲ. ಎಸ್‌ಎಸ್‌ಪಿಯಲ್ಲಿ ತಕರಾರು ಬರುತ್ತಿದೆ. ಯಾವುದನ್ನು ತಿದ್ದಿಸಲಿ?

ಗದಗ ಕಡೆಯವ:

ಆಧಾರ್ ತಿದ್ದಿಸಿ, ಮಾರ್ಕ್ಸ್ ಕಾರ್ಡ್ ಮುಟ್ಟಬೇಡಿ. ಆಧಾರಿನಲ್ಲಿ ಹೆಸರು ಬದಲಿಸೋಕೆ ಜೀವನದಲ್ಲಿ ಎರಡೇ ಅವಕಾಶ, ಹಾಗಾಗಿ ಮಾರ್ಕ್ಸ್ ಕಾರ್ಡ್ ಎದುರಿಗೆ ಇಟ್ಟುಕೊಂಡು ಒಂದೊಂದೇ ಅಕ್ಷರ ನೋಡಿ ಬರೆಸಿ. ಹಾಗೇ ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಬರೋಕೆ ಆಧಾರ್‌ಗೆ ಖಾತೆ ಜೋಡಿಸೋದು) ಆಗಿದೆಯಾ ಅಂತಲೂ ಕೇಳಿ. ನನಗೆ ಮೊದಲ ವರ್ಷದ ದುಡ್ಡು ನಿಂತದ್ದೇ ಅದಕ್ಕೆ.